ಬಳ್ಳಾರಿ ರಸ್ತೆಗೆ ಇವಿ ಟೈರ್: 215/60 ಆರ್16 ಸೆಟ್ ಬದಲಿಸಿದ ಕೆಲಸದ ವಿವರ

ಕಾರು: ಮುಂದಿನ ಗಾಲಿಗಳನ್ನು ಮೋಟಾರ್ ತಿರುಗಿಸುವ ಇಲೆಕ್ಟ್ರಿಕ್ ಕಾಂಪ್ಯಾಕ್ಟ್ ಎಸ್‌ಯುವಿ. ಟೈರ್ 215/60 ಆರ್16, ನೆಕ್ಸಾನ್ ಇವಿಗೆ ಬರುವ ಅಳತೆಯೇ (215 ಮಿ.ಮೀ. ಅಗಲ, ಗೋಡೆಯ ಎತ್ತರ ಅದರ ಶೇ 60, ರಿಮ್ 16 ಇಂಚು). ಓಡಾಟ ಬಳ್ಳಾರಿ ಊರೊಳಗೆ, ತೋರಣಗಲ್ಲು–ಹೊಸಪೇಟೆ ಕಡೆಯ ಹೆದ್ದಾರಿಯಲ್ಲಿ, ಆಗಾಗ ಸಿರುಗುಪ್ಪ–ಸಿಂಧನೂರು ಕಡೆಗೆ. ಕೆಲಸ: ನಾಲ್ಕೂ ಟೈರ್, ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ (ಗಾಲಿಗಳ ಕೋನ ಸರಿಮಾಡುವುದು). 17 ಇಂಚಿನ ಅಲಾಯ್ ರಿಮ್ ಹಾಕುವ ಆಸೆಯೂ ಇತ್ತು. ಲೆಕ್ಕ ಹಾಕಿ ನೋಡಿದ ಮೇಲೆ ಬಿಟ್ಟೆವು. ಆ ಲೆಕ್ಕವೂ ಕೆಳಗಿದೆ.

ಹಳೆ ಟೈರ್ ನೋಡುವುದು ಮೊದಲು

ಹೊಸದು ಯಾವುದು ಎಂದು ಕೇಳುವ ಮುಂಚೆ ಹಳೆಯದು ಹೇಗೆ ಸವೆದಿದೆ ಅಂತ ನೋಡಬೇಕು. ಡೆಪ್ತ್ ಗೇಜ್ ಹಿಡಿದು ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆದೆವು. ಹಿಂದಿನ ಎರಡರಲ್ಲಿ 4 ಮಿ.ಮೀ.ಗಿಂತ ತುಸು ಹೆಚ್ಚು, ಎಲ್ಲ ಕಡೆ ಸಮ. ಮುಂದಿನವು ನಡುವೆ 2.6, ಎಡ ಗಾಲಿಯ ಒಳಅಂಚಿನಲ್ಲಿ 1.9. ಕಾನೂನಿನ ಕನಿಷ್ಠ 1.6 ಮಿ.ಮೀ.; ತೋಡಿನ ತಳದಲ್ಲಿರುವ ಅಡ್ಡ ಉಬ್ಬುಗಳು ಅದನ್ನೇ ತೋರಿಸುತ್ತವೆ. ಆದರೆ 3 ಮಿ.ಮೀ. ಕೆಳಗಿಳಿದ ಟೈರ್ ಮಳೆಯಲ್ಲಿ ನೀರನ್ನು ಸರಿಯಾಗಿ ಹೊರದೂಡುವುದಿಲ್ಲ, ಆದ್ದರಿಂದ 1.6ರ ತನಕ ಕಾಯುವುದು ಜಾಣತನವಲ್ಲ.

ಮುಂದಿನವೇ ಬೇಗ ಸವೆಯುವುದಕ್ಕೆ ಕಾರಣ ಸರಳ. ಮುಂಗಾಲಿ ಎಳೆಯುವ ಇವಿಯಲ್ಲಿ ಮೋಟಾರಿನ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ನಿಂತಲ್ಲಿಂದಲೇ ಮುಂದಿನ ಟೈರಿಗೆ ಬೀಳುತ್ತದೆ. ಕಾಲು ತೆಗೆದಾಗ ರೀಜೆನ್ ಬ್ರೇಕಿಂಗ್ (ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಕರೆಂಟು ತುಂಬುವುದು) ಕೂಡ ಅವನ್ನೇ ಹಿಡಿಯುತ್ತದೆ. ಎಳೆಯುವುದೂ ಅವೇ, ತಡೆಯುವುದೂ ಅವೇ. 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದುಮುಂದು ಬದಲಿಸಿದ್ದರೆ ನಾಲ್ಕೂ ಒಟ್ಟಿಗೆ ಮುಗಿಯುತ್ತಿದ್ದವು.

ಸವೆತದ ಭಾಷೆ ಹೀಗೆ: ಎರಡೂ ಅಂಚು ಸವೆದು ನಡು ಉಳಿದಿದ್ದರೆ ಹವಾ ಕಡಿಮೆ ಇತ್ತು. ನಡು ಮಾತ್ರ ಸವೆದಿದ್ದರೆ ಹವಾ ಜಾಸ್ತಿ. ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್. ಅಂಗೈಯನ್ನು ಅಡ್ಡಲಾಗಿ ಒಮ್ಮೆ ಒಳಗಿಂದ ಹೊರಕ್ಕೆ, ಒಮ್ಮೆ ಹೊರಗಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ (ಮೇಲಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಇಲ್ಲಿ ಎಡ ಮುಂದಿನದರಲ್ಲಿ ಅದೇ ಇತ್ತು.

ಹಿಂದಿನ ಎರಡಕ್ಕೆ ಇನ್ನೂ ಜೀವವಿತ್ತಲ್ಲ ಎಂದರೆ, ಒಂದರ ಸೈಡ್‌ವಾಲ್‌ನಲ್ಲಿ (ಪಕ್ಕದ ಗೋಡೆಯಲ್ಲಿ) ಬುಗ್ಗೆ ಎದ್ದಿತ್ತು, ಎರಡರಲ್ಲೂ ಕೂದಲೆಳೆ ಬಿರುಕು. ತಗ್ಗಿಗೆ ಬಿದ್ದಾಗ ಟೈರ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳಗಿನ ನೂಲು ತುಂಡಾಗುತ್ತದೆ, ಅಲ್ಲಿ ಬುಗ್ಗೆ ಏಳುತ್ತದೆ. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. ಎರಡೇ ಬದಲಿಸುವಂತಿದ್ದರೆ ಒಂದು ಆಕ್ಸಲ್‌ಗೆ ಜೋಡಿಯಾಗಿಯೇ ಹಾಕಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ 4 ಮಿ.ಮೀ. ಸವೆದದ್ದು ಇದ್ದರೆ ವ್ಯಾಸದಲ್ಲಿ 8 ಮಿ.ಮೀ. ವ್ಯತ್ಯಾಸ, ಅಂದರೆ ಶೇ 1.2. ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ (ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಬಿಡುವಿಲ್ಲದೆ ದುಡಿಯುತ್ತದೆ. ಆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಮಳೆಯಲ್ಲಿ ಹಿಂಭಾಗ ಜಾರಿದರೆ ಕಾರು ಸುತ್ತುತ್ತದೆ, ಮುಂಭಾಗ ಜಾರಿದರೆ ಕಾಲು ತೆಗೆದು ಸುಧಾರಿಸಬಹುದು.

ಅಳತೆ: ಬದಲಿಸದಿರುವುದೇ ಲೇಸು

215/60 ಆರ್16ರ ಸೈಡ್‌ವಾಲ್ ಎತ್ತರ 215ರ ಶೇ 60, ಅಂದರೆ 129 ಮಿ.ಮೀ. ರಿಮ್ 406.4. ಒಟ್ಟು ವ್ಯಾಸ 664.4 ಮಿ.ಮೀ. ಅಂಗಡಿಯವರು "ಇದೂ ಕೂರುತ್ತೆ ಸಾರ್" ಎಂದು ತೋರಿಸುವ ಅಳತೆಗಳನ್ನು ಇದಕ್ಕೆ ಹೋಲಿಸಿ:

205/65 ಆರ್16: 672.9, ಶೇ 1.3 ದೊಡ್ಡದು
215/65 ಆರ್16: 685.9, ಶೇ 3.2 ದೊಡ್ಡದು
205/60 ಆರ್16: 652.4, ಶೇ 1.8 ಚಿಕ್ಕದು
215/55 ಆರ್17: 668.3, ಶೇ 0.6 ದೊಡ್ಡದು

ಎಸ್‌ಯುವಿ ಎತ್ತರವಾಗಿ ಕಾಣಲಿ ಎಂದು 215/65 ಹಾಕಿಸುವವರು ಬಹಳ. ಸ್ಪೀಡೋಮೀಟರ್ ಶೇ 3ರಷ್ಟು ಕಡಿಮೆ ತೋರಿಸುತ್ತದೆ, ಪೂರ್ತಿ ತಿರುಗಿಸಿದಾಗ ಅಥವಾ ತಗ್ಗಿಗೆ ಬಿದ್ದಾಗ ಗಾಲಿ ಗೂಡಿನ ಒಳಗಿನ ಲೈನರ್‌ಗೆ ಉಜ್ಜುವ ಸಂಭವ ಇದೆ. ಇವಿಯಲ್ಲಿ ಇನ್ನೊಂದು: ಗೇರ್ ಒಂದೇ ಇರುವುದರಿಂದ ದೊಡ್ಡ ಗಾಲಿ ಹಾಕಿದರೆ ಎಲ್ಲ ವೇಗದಲ್ಲೂ ಮೋಟಾರ್ ಅಷ್ಟೇ ಹೆಚ್ಚು ಟಾರ್ಕ್ ಕೊಡಬೇಕು, ಗೇರ್ ಇಳಿಸಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಲೋಡ್ ಇಂಡೆಕ್ಸ್

ಇವಿ ಕೊಳ್ಳುವವರು ಮೈಲೇಜ್ ಕೇಳುತ್ತಾರೆ, ಬ್ರ್ಯಾಂಡ್ ಕೇಳುತ್ತಾರೆ. ಅಳತೆಯ ಪಕ್ಕದ ಎರಡಂಕಿಯನ್ನು ಯಾರೂ ಕೇಳುವುದಿಲ್ಲ. ಬ್ಯಾಟರಿ ಹೊತ್ತ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ, ಆದ್ದರಿಂದ ಮೊದಲು ನೋಡಬೇಕಾದ್ದು ಅದನ್ನೇ. ಹಳೆ ಟೈರಿನ ಮೇಲೆ 95ಎಚ್ ಇತ್ತು. 95 ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರ್ ಹೊರಬಲ್ಲದ್ದು 690 ಕೆಜಿ. ಎಚ್ ಅಂದರೆ ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಹತ್ತಿರದ ಅಂಕಿಗಳು: 91ಕ್ಕೆ 615, 92ಕ್ಕೆ 630, 94ಕ್ಕೆ 670, 96ಕ್ಕೆ 710, 99ಕ್ಕೆ 775. ಹಳೆಯದಕ್ಕಿಂತ ಕೆಳಗಿನ ಅಂಕಿಯ ಟೈರ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

99 ಎಕ್ಸ್‌ಎಲ್ (ಹೆಚ್ಚು ಭಾರ ಹೊರಲು ಮಾಡಿದ ಟೈರ್) ಹಾಕಿದರೆ ಇನ್ನೂ ಗಟ್ಟಿ ಅಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಎಕ್ಸ್‌ಎಲ್ ಟೈರ್ ತನ್ನ 775 ಕೆಜಿಯನ್ನು ಹೊರುವುದು 42 ಪಿಎಸ್‌ಐ ಹವಾ ಇದ್ದಾಗ; ಸಾಮಾನ್ಯ ಟೈರಿನ ಲೆಕ್ಕ 36 ಪಿಎಸ್‌ಐಗೆ. ಕಾರಿನ ಸ್ಟಿಕ್ಕರ್ ಹೇಳಿದಷ್ಟೇ ಹವಾ ಹಾಕಿ ಓಡಿಸಿದರೆ ಎಕ್ಸ್‌ಎಲ್‌ನಿಂದ ಹೆಚ್ಚುವರಿ ಭಾರದ ಲಾಭ ಸಿಗುವುದಿಲ್ಲ. ಅದಿರು ಟಿಪ್ಪರ್‌ಗಳು ಓಡುವ ಸಂಡೂರು–ತೋರಣಗಲ್ಲು ದಾರಿಯಲ್ಲಿ ಗಟ್ಟಿ ಗೋಡೆ ಒಂದಿಷ್ಟು ತಡೆಯಬಹುದು, ಆದರೆ ಸವಾರಿ ಬಿರುಸಾಗುತ್ತದೆ. ಕಾರು ಕಂಪನಿಯಿಂದಲೇ ಎಕ್ಸ್‌ಎಲ್ ಬಂದಿದ್ದರೆ ಮಾತ್ರ ಎಕ್ಸ್‌ಎಲ್ ಕಡ್ಡಾಯ.

ರೋಲಿಂಗ್ ರೆಸಿಸ್ಟೆನ್ಸ್ ಎಷ್ಟು ರೇಂಜ್ ತಿನ್ನುತ್ತದೆ

ರೋಲಿಂಗ್ ರೆಸಿಸ್ಟೆನ್ಸ್ ಅಂದರೆ ಟೈರ್ ಉರುಳುವಾಗ ಎದುರಾಗುವ ತಡೆ. ಅದನ್ನು ಅಂದಾಜಿನ ಮಾತಲ್ಲಿ ಬಿಡದೆ ಲೆಕ್ಕ ಹಾಕಬಹುದು. ಯುರೋಪಿನ ಲೇಬಲ್‌ನಲ್ಲಿ ಕಾರ್ ಟೈರಿನ ಎ ದರ್ಜೆ ಅಂದರೆ ಟನ್ನಿಗೆ 6.5 ಕೆಜಿ ಅಥವಾ ಅದಕ್ಕಿಂತ ಕಡಿಮೆ ತಡೆ, ಬಿ 7.7ರವರೆಗೆ, ಸಿ 9.0ರವರೆಗೆ. ಇಬ್ಬರು ಕೂತ ಕಾರು 1,600 ಕೆಜಿ ಎಂದಿಟ್ಟುಕೊಳ್ಳಿ. 9.0 ಮತ್ತು 6.5ರ ಅಂತರ 2.5, ಅದನ್ನು 1.6 ಟನ್ನಿಗೆ ಗುಣಿಸಿದರೆ 4 ಕೆಜಿ, ಅಂದರೆ ಸುಮಾರು 39 ನ್ಯೂಟನ್. ಒಂದು ಕಿ.ಮೀ.ಗೆ 39 ಕಿಲೋಜೂಲ್, ಸುಮಾರು 11 ವ್ಯಾಟ್‌ಅವರ್. ಮೋಟಾರ್, ಇನ್‌ವರ್ಟರ್‌ನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 12ರ ಆಸುಪಾಸು. ಕಿ.ಮೀ.ಗೆ 140 ವ್ಯಾಟ್‌ಅವರ್ ತಿನ್ನುವ ಕಾರಿನಲ್ಲಿ ಇದು ಶೇ 8–9. ಟೈರ್ ಒಂದರಿಂದಲೇ 250 ಕಿ.ಮೀ. ರೇಂಜಿನಲ್ಲಿ 20 ಕಿ.ಮೀ. ಹೋಗಬಹುದು ಎಂದಾಯಿತು.

ಹಾಗೆಂದು ಎ ದರ್ಜೆಯನ್ನೇ ಕಣ್ಣುಮುಚ್ಚಿ ತರಬೇಕಿಲ್ಲ. ರೋಲಿಂಗ್ ರೆಸಿಸ್ಟೆನ್ಸ್ ಇಳಿಸಲು ಕೆಲವು ಟೈರ್‌ಗಳಲ್ಲಿ ತೋಡಿನ ಆಳವನ್ನೇ ಕಡಿಮೆ ಮಾಡಿರುತ್ತಾರೆ, ಕೆಲವದರಲ್ಲಿ ಗೋಡೆ ತೆಳು. ವೆಟ್ ಗ್ರಿಪ್ (ಒದ್ದೆ ರಸ್ತೆಯ ಹಿಡಿತ) ದರ್ಜೆಯನ್ನೂ ಜೊತೆಗೇ ನೋಡಬೇಕು. ನಮ್ಮ ಆಯ್ಕೆಯ ಕ್ರಮ: ಲೋಡ್ ಇಂಡೆಕ್ಸ್, ಆಮೇಲೆ ಗೋಡೆ ಗಟ್ಟಿತನ ಮತ್ತು ವೆಟ್ ಗ್ರಿಪ್, ಮೂರನೆಯದು ರೋಲಿಂಗ್ ರೆಸಿಸ್ಟೆನ್ಸ್, ಕೊನೆಗೆ ಸದ್ದು. ಬೆಂಗಳೂರಿನ ಫ್ಲೈಓವರ್ ಮೇಲೆ ಓಡುವ ಕಾರಿಗೆ ಈ ಕ್ರಮ ಬೇರೆಯಾಗಬಹುದು. ಭತ್ತದ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಕೇಜ್ ವ್ಹೀಲ್ ಕೊರೆದ ಸಿರುಗುಪ್ಪ ಕಡೆಯ ಡಾಂಬರಿನ ಮೇಲೆ ತೆಳು ಗೋಡೆ ತಂದು ಉಳಿಸಿದ ಕರೆಂಟು ಒಂದೇ ಬುಗ್ಗೆಗೆ ಸಮ.

ಇವಿಗೆಂದೇ ಬರುವ ಟೈರ್‌ಗಳಲ್ಲಿ ಅಪೊಲೊ ಆಂಪೀರಿಯನ್, ಸಿಯೆಟ್ ಎನರ್ಜಿಡ್ರೈವ್ ಭಾರತದಲ್ಲೇ ಸಿಗುತ್ತವೆ. "ಇವಿ" ಎಂದು ಬರೆದಿಲ್ಲದ ಟೈರ್ ಹಾಕಬಾರದೆಂಬ ನಿಯಮವೇನಿಲ್ಲ. ಅಳತೆ, ಲೋಡ್, ವೇಗದ ಅಕ್ಷರ ಸರಿಯಿದ್ದರೆ ಸಾಕು. ಕೆಲವು ಇವಿ ಟೈರಿನೊಳಗೆ ಸದ್ದು ಇಳಿಸಲು ಫೋಮ್ ಪಟ್ಟಿ ಅಂಟಿಸಿರುತ್ತಾರೆ. ಪಂಚರ್ ಆದರೆ ಒಳಗಿಂದ ಪ್ಯಾಚ್ ಹಾಕಲು ಆ ಜಾಗದ ಫೋಮ್ ಕತ್ತರಿಸಿ ತೆಗೆಯಬೇಕು, ಅದನ್ನು ಮಾಡಿ ಗೊತ್ತಿರುವ ಅಂಗಡಿ ಬೇಕು. ಕಬ್ಬಿಣದ ಚೂರು, ಮೊಳೆ ದಾರಿಯಲ್ಲಿ ಧಾರಾಳವಾಗಿ ಸಿಗುವ ಈ ಕಡೆಗೆ ಫೋಮ್ ಇಲ್ಲದ್ದನ್ನೇ ಆರಿಸಿದೆವು.

ಬಿಲ್ ಮಾಡಿಸುವ ಮುಂಚೆ ಸೈಡ್‌ವಾಲ್ ಓದಿ. ಐಎಸ್‌ಐ ಗುರುತು ಮತ್ತು ಐಎಸ್ 15633 ಇರಬೇಕು. ತಯಾರಿಕೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 1425 ಅಂದರೆ 2025ರ 14ನೇ ವಾರ. ತಗಡಿನ ಶೆಡ್ಡಿನಲ್ಲಿ ಎರಡು ಬೇಸಿಗೆ ಕಳೆದ ಟೈರ್ ಬೇಡ. ನಾಲ್ಕರ ತಾರೀಖೂ ಹತ್ತಿರ ಹತ್ತಿರ ಇರಲಿ.

17 ಇಂಚು ಯಾಕೆ ಬಿಟ್ಟೆವು

ವ್ಯಾಸ ನೋಡಿದರೆ 215/55 ಆರ್17 ಚೆನ್ನಾಗಿಯೇ ಹೊಂದುತ್ತದೆ. ತೊಡಕು ಬೇರೆ ಕಡೆ ಇದೆ. ಆ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವುದು 94, ಅಂದರೆ 670 ಕೆಜಿ; ಹಳೆಯದಕ್ಕಿಂತ ಕಡಿಮೆ. 98 ಎಕ್ಸ್‌ಎಲ್ ಹುಡುಕಿದರೆ ಹವಾ ಏರಿಸಬೇಕು. ಗೋಡೆ 129ರಿಂದ 118ಕ್ಕೆ ಇಳಿಯುತ್ತದೆ, ತಗ್ಗಿನ ಏಟು ರಿಮ್ಮಿಗೆ ತಾಗಲು 11 ಮಿ.ಮೀ. ಹತ್ತಿರ.

ಆಫ್‌ಸೆಟ್ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ. ಲೆಕ್ಕಕ್ಕೆ ಹಳೆಯದು 6.5ಜೆ ಇಟಿ45, ಹೊಸದು 7ಜೆ ಇಟಿ38 ಎಂದುಕೊಳ್ಳಿ. ಜೆ ಮುಂಚಿನ ಅಂಕಿ ರಿಮ್ಮಿನ ಅಗಲ, ಇಂಚಿನಲ್ಲಿ. ಇಟಿ ಅಂದರೆ ಆಫ್‌ಸೆಟ್: ಹಬ್ಬಿಗೆ (ಕಾರಿನಲ್ಲಿ ಗಾಲಿ ಕೂರುವ ಭಾಗಕ್ಕೆ) ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು. ಅರ್ಧ ಇಂಚು ಅಗಲ ಹೆಚ್ಚಿದರೆ ಎರಡೂ ಬದಿಗೆ 6.35 ಮಿ.ಮೀ. ಇಟಿ 7 ಕಡಿಮೆಯಾದರೆ ಇಡೀ ರಿಮ್ 7 ಮಿ.ಮೀ. ಹೊರಕ್ಕೆ. ಹೊರಅಂಚು 13.35 ಮಿ.ಮೀ. ಆಚೆ ಬರುತ್ತದೆ, ಒಳಅಂಚು 0.65 ಮಿ.ಮೀ. ಸ್ಟ್ರಟ್‌ನಿಂದ (ಸಸ್ಪೆನ್ಷನ್ನಿನ ಕಂಬದಿಂದ) ದೂರವಾಗುತ್ತದೆ. ಒಳಗೆ ತಾಗುವುದಿಲ್ಲ ಎಂದು ಅಂಗಡಿಯವರು ಹೇಳುವುದು ನಿಜವೇ. ಆದರೆ ಹೊರಬಂದ 13 ಮಿ.ಮೀ. ಫೆಂಡರ್ ಅಂಚಿಗೆ ಸಮೀಪಿಸುತ್ತದೆ, ವ್ಹೀಲ್ ಬೇರಿಂಗ್ ಮೇಲೆ ಭಾರದ ತೋಳು ಉದ್ದವಾಗುತ್ತದೆ, ಸ್ಟೀರಿಂಗ್ ರಸ್ತೆಯ ಪ್ರತಿ ಗೀರನ್ನೂ ಹಿಂಬಾಲಿಸುತ್ತದೆ.

ಪಿಸಿಡಿ (ನಟ್ ತೂತುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ) ಕೂಡ ಕಣ್ಣಳತೆಯ ಕೆಲಸವಲ್ಲ. ಐದು ತೂತಿನ ರಿಮ್ಮಿನಲ್ಲಿ ಪಕ್ಕಪಕ್ಕದ ಎರಡು ತೂತುಗಳ ನಡುಬಿಂದುಗಳ ಅಂತರವನ್ನು ವರ್ನಿಯರ್‌ನಲ್ಲಿ ಅಳೆದು 1.701ರಿಂದ ಗುಣಿಸಿ. 67.2 ಮಿ.ಮೀ. ಬಂದರೆ 114.3, 65.8 ಬಂದರೆ 112, 63.5 ಬಂದರೆ 108. 112ರ ರಿಮ್ಮನ್ನು 114.3ರ ಹಬ್ಬಿಗೆ ಬಲವಂತವಾಗಿ ಕೂರಿಸಿ ನಟ್ ಹತ್ತಿಸಿಬಿಡಬಹುದು. ಸ್ಟಡ್ ಬಾಗಿದ್ದು ಗೊತ್ತಾಗುವುದು ಮುರಿದ ಮೇಲೆ. ನಡುತೂತು ಹಬ್ಬಿಗಿಂತ ದೊಡ್ಡದಿದ್ದರೆ ಹಬ್ ರಿಂಗ್ ಬೇಕು, ಅಲ್ಯೂಮಿನಿಯಂನದು. ನಟ್‌ನ ಕೂರುವ ಮುಖ ಕೋನಾಕಾರವೋ ಗುಂಡೋ ರಿಮ್ಮಿಗೆ ತಕ್ಕಂತಿರಬೇಕು. ರಿಮ್ಮಿನ ಹಿಂದೆ ಹೊರುವ ತೂಕದ ಮುದ್ರೆ ಇಲ್ಲದಿದ್ದರೆ ಇವಿಗೆ ಅದನ್ನು ಮುಟ್ಟಬೇಡಿ. ಹಳೆಯ 16 ಇಂಚಿನ ರಿಮ್ಮುಗಳನ್ನೇ ತೊಳೆದು, ಅಂಚು ಬಾಗಿದೆಯೇ ಎಂದು ತಿರುಗಿಸಿ ನೋಡಿ ಬಳಸಿದೆವು. 215/60ಕ್ಕೆ 6ರಿಂದ 7.5 ಇಂಚು ಅಗಲದ ರಿಮ್ ಸರಿಹೋಗುತ್ತದೆ.

ಕಾರು ಎತ್ತುವುದು

ಇವಿಯ ಹೊಟ್ಟೆಯ ತುಂಬ ಬ್ಯಾಟರಿ. ಟ್ರಾಲಿ ಜ್ಯಾಕನ್ನು ನಡುವೆ ತಳ್ಳಿ ಎತ್ತುವ ರೂಢಿ ಇಲ್ಲಿ ನಡೆಯುವುದಿಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತು ಮಾಡಿದ ನಾಲ್ಕು ಜಾಗ ಮಾತ್ರ, ಅದೂ ನಡುವೆ ರಬ್ಬರ್ ಪ್ಯಾಡ್ ಇಟ್ಟು. ಎರಡು ಕಂಬದ ಲಿಫ್ಟ್ ಆದರೆ ತೋಳಿನ ತುದಿ ಬ್ಯಾಟರಿ ಪೆಟ್ಟಿಗೆಗೆ ಅಥವಾ ಕೂಲಂಟ್ ಪೈಪಿಗೆ ತಾಗುತ್ತಿಲ್ಲ ಎಂದು ಕೆಳಗೆ ಬಗ್ಗಿ ನೋಡಿಯೇ ಎತ್ತಿಸಿ. ಪಂಚರ್ ಅಂಗಡಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಅವರು ಪೆಟ್ರೋಲ್ ಕಾರಿನಂತೆಯೇ ಎತ್ತುತ್ತಾರೆ.

ಕಾರು ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ದೂರ ಹೋಗಿ. ಇಂಜಿನ್ ಸದ್ದಿಲ್ಲವೆಂದರೆ ಆಫ್ ಆಗಿದೆ ಎಂದಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. "ಪಿ"ಯನ್ನು (ಪಾರ್ಕ್ ಗೇರ್) ನಂಬಬೇಡಿ: ಅದು ಗೇರ್‌ಬಾಕ್ಸನ್ನು ಹಿಡಿಯುತ್ತದೆ, ಮುಂದಿನ ಒಂದು ಗಾಲಿ ನೆಲ ಬಿಟ್ಟಿತೆಂದರೆ ಡಿಫರೆನ್ಷಿಯಲ್ ಮೂಲಕ ಇನ್ನೊಂದು ಉರುಳಬಲ್ಲದು. ಕೆಲವು ಇವಿಗಳಲ್ಲಿ ಪಿ ಇರುವುದೇ ಇಲ್ಲ.

ಕಳಚಿ ಕೂರಿಸುವುದು

ನಟ್‌ಗಳನ್ನು ಗಾಲಿ ನೆಲದ ಮೇಲಿರುವಾಗಲೇ ಪಾನಾದಿಂದ ಕಾಲು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ವಾಲ್ವ್‌ನಲ್ಲಿ ಹವಾ ಸೆನ್ಸರ್ ಇದ್ದರೆ ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಒಡೆಯುವ ಬ್ಲೇಡ್ ವಾಲ್ವ್‌ನ ಎದುರು ಬದಿಯಲ್ಲಿರಲಿ. ಸೆನ್ಸರಿನ ರಬ್ಬರ್, ವಾಲ್ವ್ ಕೋರ್, ನಟ್ ಇರುವ ಕಿಟ್ ಹೊಸದು ಹಾಕಿ. ಸೆನ್ಸರ್ ಇಲ್ಲದ ಕಾರಿಗೆ ವಾಲ್ವನ್ನೇ ಬದಲಿಸಿ. ಬಿಸಿಲಿಗೆ ರಬ್ಬರ್ ವಾಲ್ವ್ ಬುಡದಲ್ಲಿ ಸೀಳುತ್ತದೆ, ಅದನ್ನು ಉಳಿಸಿ ಉಳಿಯುವ ದುಡ್ಡು ಒಂದು ಚಹಾ–ಮಿರ್ಚಿಯದು.

ರಿಮ್ಮಿನ ಒಳಮೈಯಲ್ಲಿ ಹಳೆ ಬ್ಯಾಲೆನ್ಸ್ ತೂಕ, ಅಂಟು, ಮಣ್ಣು ಎಲ್ಲ ಕೆರೆದು ತೆಗೆಯಬೇಕು. ಎರೆಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಓಡಿದ ಕಾರಿನ ರಿಮ್ಮೊಳಗೆ ಒಣಗಿದ ಹೆಂಟೆ ಒಂದೇ ಬದಿಗೆ ಕೂತಿರುತ್ತದೆ. 80ರಲ್ಲಿ ಸ್ಟೀರಿಂಗ್ ನಡುಗಿದಾಗ ಅಲೈನ್‌ಮೆಂಟ್‌ಗೆ ದುಡ್ಡು ಕೊಡುವ ಮುಂಚೆ ಪೈಪು ಹಿಡಿದು ಒಳಗೆ ತೊಳೆದು ನೋಡಿ.

ಹಬ್ ಮುಖದ್ದು ಈ ಊರಿನ ಕಾಯಿಲೆ. ಅದಿರಿನ ಕೆಂಪು ಧೂಳು ತುಕ್ಕಿನ ಜೊತೆ ಸೇರಿ ಗಟ್ಟಿ ಪದರ ಕಟ್ಟುತ್ತದೆ. ಹಬ್ಬಿಗೂ ರಿಮ್ಮಿಗೂ ನಡುವೆ ಒಂದು ಕಡೆ 0.2 ಮಿ.ಮೀ. ಚೂರು ಉಳಿದರೂ ಟೈರಿನ ಅಂಚಿನಲ್ಲಿ ಅದು ಸುಮಾರು 1 ಮಿ.ಮೀ. ಓಲಾಟವಾಗುತ್ತದೆ. ಬ್ಯಾಲೆನ್ಸ್ ಯಂತ್ರದ ಮೇಲೆ ಸೊನ್ನೆ ತೋರಿಸಿದ ಗಾಲಿ ಕಾರಿನಲ್ಲಿ ನಡುಗುವುದಕ್ಕೆ ಇದೇ ಕಾರಣ. ತಂತಿ ಬ್ರಷ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿ.

ಬೀಡ್‌ಗೆ ಟೈರ್ ಪೇಸ್ಟ್ ತೆಳುವಾಗಿ ಸವರಬೇಕು. ಗ್ರೀಸ್, ಇಂಜಿನ್ ಆಯಿಲ್ ಕೂಡದು; ಪೇಸ್ಟೂ ಮೆತ್ತಿದಂತೆ ಹಾಕಬಾರದು. ಅದು ಒಣಗುವ ಮುಂಚೆ ಜೋರಾಗಿ ಕಾಲೊತ್ತಿದರೆ ಇವಿಯ ಟಾರ್ಕ್‌ಗೆ ರಿಮ್ ತಿರುಗಿ ಟೈರ್ ಅಲ್ಲೇ ಉಳಿಯುತ್ತದೆ, ಬ್ಯಾಲೆನ್ಸ್ ಕೆಡುತ್ತದೆ. ವಾಲ್ವ್‌ನ ನೇರಕ್ಕೆ ಟೈರ್ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ಜಾರಿದ್ದು ಕಣ್ಣಿಗೇ ಕಾಣುತ್ತದೆ. ಟೈರಿನ ಹಳದಿ ಚುಕ್ಕೆ ವಾಲ್ವ್ ಕಡೆಗೆ, "ಔಟ್‌ಸೈಡ್" ಎಂದು ಬರೆದ ಮೈ ಹೊರಕ್ಕೆ. ಬೀಡ್ ಕೂರಿಸಲು 40 ಪಿಎಸ್‌ಐ ದಾಟಿಸಬಾರದು. ಅಷ್ಟರಲ್ಲಿ ಠಪ್ ಎನ್ನದಿದ್ದರೆ ಹವಾ ಬಿಟ್ಟು, ಮತ್ತೆ ಪೇಸ್ಟ್ ಸವರಿ ಕೂರಿಸಿ. 60–70 ಗ್ರಾಂಗಿಂತ ಹೆಚ್ಚು ತೂಕ ಬೇಡಿದರೆ ಸೀಸ ಅಂಟಿಸುತ್ತ ಹೋಗದೆ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿಸಿ.

ನಟ್ ಕೈಯಿಂದ ಹತ್ತಿಸಿ, ನಕ್ಷತ್ರದ ಕ್ರಮದಲ್ಲಿ, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಿಂದ, ಅಂಕಿ ಕಾರಿನ ಪುಸ್ತಕದ್ದು. ಇಂಪ್ಯಾಕ್ಟ್ ಗನ್ ಕಳಚುವುದಕ್ಕೆ ಮಾತ್ರ. ಸ್ಟಡ್‌ಗೆ ಎಣ್ಣೆ ಹಚ್ಚಿದರೆ ಅದೇ ಟಾರ್ಕ್ ಸ್ಟಡ್ಡನ್ನು ಹೆಚ್ಚು ಎಳೆದು ಹಿಗ್ಗಿಸುತ್ತದೆ, ಒಣಗಿಯೇ ಇರಲಿ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಿ.

ಅಲೈನ್‌ಮೆಂಟ್ ಹೊಸ ಟೈರ್ ಹಾಕಿ, ಹವಾ ಸರಿಮಾಡಿ, ಟೈ ರಾಡ್ (ಗಾಲಿಯನ್ನು ತಿರುಗಿಸುವ ಸ್ಟೀರಿಂಗ್ ಸರಳು) ತುದಿಯ ಆಟ ನೋಡಿದ ಮೇಲೆ. ಒಂದು ಗಾಲಿಯ ಟೋ 0.2 ಡಿಗ್ರಿ ತಪ್ಪಿದರೆ ಪ್ರತಿ ಕಿ.ಮೀ.ಗೆ ಆ ಟೈರ್ 3.5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ರಬ್ಬರೂ ಹೋಗುತ್ತದೆ, ಕರೆಂಟೂ ಹೋಗುತ್ತದೆ. ಮೊದಲಿನದು, ಆಮೇಲಿನದು ಎರಡೂ ಪ್ರಿಂಟ್ ಕೇಳಿ ಪಡೆಯಿರಿ.

ಹವಾ, ಬಳ್ಳಾರಿ ಬಿಸಿಲಿನಲ್ಲಿ

ಸ್ಟಿಕ್ಕರಿನ ಅಂಕಿ ತಣ್ಣಗಿನ ಟೈರಿನದು. ಉಷ್ಣತೆ 6 ಡಿಗ್ರಿ ಏರಿದರೆ ಒಳಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ 41 ಡಿಗ್ರಿಯಲ್ಲಿ ಸರಿಯಾಗಿ 34 ತುಂಬಿಸಿದರೆ ಮುಂಜಾನೆ 27 ಡಿಗ್ರಿಗೆ ಅದು 32ರ ಕೆಳಗೆ. ಡಿಸೆಂಬರ್ ಬೆಳಗಿನ 17 ಡಿಗ್ರಿಗೆ 30. ಓಡಿ ಬಂದು ಬಿಸಿಯಾದ ಟೈರಿನಲ್ಲಿ ಗೇಜ್ 38 ತೋರಿಸಿತೆಂದು ಹವಾ ಬಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕಡಿಮೆ ಹವಾದಲ್ಲಿ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಬೇಸಿಗೆಯಲ್ಲಿ ಟೈರ್ ಸಿಡಿಯುವುದು ಹೀಗೆಯೇ. ಮನೆಯಲ್ಲೇ ಒಂದು ಗೇಜ್, 12 ವೋಲ್ಟಿನ ಪಂಪ್ ಇಟ್ಟುಕೊಂಡು ಬೆಳಿಗ್ಗೆ ಹೊರಡುವ ಮುಂಚೆ ನೋಡುವುದು ಸರಿ. ನೈಟ್ರೋಜನ್‌ಗೂ ಇದೇ ಲೆಕ್ಕ.

ಹಾಕಿದ ಮೇಲೆ

ಹೊಸ ಟೈರ್ ಹಾಕಿದೊಡನೆ ರೇಂಜ್ ಇಳಿದಂತೆ ಕಾಣುತ್ತದೆ. ಅದರಲ್ಲಿ ಒಂದು ಪಾಲು ಬರೀ ಮೀಟರಿನದು. 8 ಮಿ.ಮೀ. ತೋಡಿನ ಹೊಸ ಟೈರ್ 2 ಮಿ.ಮೀ.ಗೆ ಇಳಿದ ಹಳೆಯದಕ್ಕಿಂತ ವ್ಯಾಸದಲ್ಲಿ 12 ಮಿ.ಮೀ. ದೊಡ್ಡದು, ಶೇ 1.8. ಸವೆದ ಟೈರಿನಲ್ಲಿ ಓಡೋಮೀಟರ್ ಓಡಿದ್ದಕ್ಕಿಂತ ಹೆಚ್ಚು ಕಿ.ಮೀ. ಬರೆದುಕೊಳ್ಳುತ್ತಿತ್ತು, ಈಗ ಬರೆಯುವುದಿಲ್ಲ. 140ರಲ್ಲಿ ಎರಡೂವರೆ ವ್ಯಾಟ್‌ಅವರ್ ಹೀಗೆ ಕಾಗದದ ಮೇಲೇ ಏರುತ್ತದೆ. ಉಳಿದದ್ದು ಹೊಸ ತೋಡಿನ ಬ್ಲಾಕ್‌ಗಳು ಹೆಚ್ಚು ಅಲುಗಾಡುವುದರಿಂದ. ಒಂದೆರಡು ಸಾವಿರ ಕಿ.ಮೀ. ಆದ ಮೇಲೆ ಇಳಿಯುತ್ತದೆ. ಹೋಲಿಸಲೇಬೇಕೆಂದರೆ ಬಳ್ಳಾರಿ–ಹೊಸಪೇಟೆ ಹೋಗಿ ಬರುವುದು ಎರಡನ್ನೂ ಸೇರಿಸಿ ಸರಾಸರಿ ತೆಗೆಯಿರಿ. ಆಷಾಢದ ಪಡುವಣ ಗಾಳಿಗೆ ಎದುರಾಗಿ ಹೋದ ಅಂಕಿ ಒಂದನ್ನೇ ಹಿಡಿದು ಟೈರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಸ್ಟೆಪ್ನಿ ಚಿಕ್ಕ ಅಳತೆಯದಾಗಿದ್ದರೆ ಅದನ್ನು ಮುಂದಕ್ಕೆ ಹಾಕಬೇಡಿ. ದಾರಿಯಲ್ಲಿ ಮುಂದಿನದು ಪಂಚರ್ ಆದರೆ ಹಿಂದಿನ ಒಂದು ಗಾಲಿಯನ್ನು ಕಳಚಿ ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದಕ್ಕೆ ಕೊಡಿ. ಅದರ ಮೇಲೆ ಬರೆದ ವೇಗ ದಾಟಿಸಬೇಡಿ. ಸ್ಟೆಪ್ನಿ ಇಲ್ಲದೆ ಸೀಲಂಟ್ ಕಿಟ್ ಮಾತ್ರ ಕೊಟ್ಟಿದ್ದರೆ ಬಾಟಲಿಯ ಮೇಲಿನ ಮುಕ್ತಾಯದ ತಾರೀಖು ಓದಿಟ್ಟುಕೊಳ್ಳಿ. ಸೈಡ್‌ವಾಲ್ ಹರಿದಿದ್ದಕ್ಕೆ ಆ ಸೀಲಂಟ್ ಕೆಲಸ ಮಾಡುವುದಿಲ್ಲ, ಟೋಯಿಂಗ್ ಗಾಡಿಯೇ ಬೇಕು. ಆಗಲೂ ಮುಂದಿನ ಗಾಲಿಗಳು ನೆಲ ಬಿಟ್ಟಿರಬೇಕು, ಇಲ್ಲವೇ ಇಡೀ ಕಾರು ಫ್ಲಾಟ್‌ಬೆಡ್ ಮೇಲೆ ಹೋಗಬೇಕು.